ಗೇಟಿನ ಬೀಗ ತೆಗೆಯಿರಿ, ನಾವು ರಸ್ತೆ ಬಿಡುತ್ತೇವೆ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಬೆಳಗಿನ ಓಟದ ಬಗ್ಗೆ ಒಂದು ಪುಟ ಬಂದಿತ್ತು. ಡಿಪೋದ ರೆಸ್ಟ್ ರೂಮಿನಲ್ಲಿ ಕೂತು ಓದಿದೆ. ತೂಕ ಇಳಿಯುತ್ತೆ, ಬಿಪಿ ಹತೋಟಿಗೆ ಬರುತ್ತೆ, ನಿದ್ದೆ ಚೆನ್ನಾಗಿ ಬರುತ್ತೆ ಅಂತೆಲ್ಲ ಬರೆದಿದ್ದರು. ಎಲ್ಲ ನಿಜ. ಆದರೆ ಎಲ್ಲಿ ಓಡಬೇಕು ಅನ್ನೋದು ಮಾತ್ರ ಪುಟದಲ್ಲಿ ಎಲ್ಲೂ ಇರಲಿಲ್ಲ. ಫೋಟೋದಲ್ಲಿದ್ದ ಹುಡುಗಿ ಯಾವುದೋ ಹಸಿರು ಪಾರ್ಕಿನಲ್ಲಿ, ಒಳ್ಳೇ ಎಳೆ ಬಿಸಿಲಿನಲ್ಲಿ ನಗುತ್ತಾ ಓಡುತ್ತಿದ್ದಳು. ನಾವು ಓಡೋದು ಕತ್ತಲೆಯಲ್ಲಿ, ಡಾಂಬರಿನ ಅಂಚಿನಲ್ಲಿ, ನಾಯಿ ಬೊಗಳೋ ಕಡೆ ಒಂದು ಕಿವಿ ಇಟ್ಟುಕೊಂಡು.

ನಾನು ಹಾಸನದವನು. ವಯಸ್ಸು 53. ಇಪ್ಪತ್ತಾರು ವರ್ಷದಿಂದ ಸಾರಿಗೆ ಬಸ್ ಓಡಿಸುತ್ತಿದ್ದೇನೆ. ಏಳು ವರ್ಷದಿಂದ ನಾನೂ ಓಡುತ್ತಿದ್ದೇನೆ. ಓಡುವವನಿಗೆ ಬಸ್ಸು ಹೇಗೆ ಕಾಣುತ್ತೆ ಅನ್ನೋದೂ ಗೊತ್ತು, ಬಸ್ಸಿನವನಿಗೆ ಓಡುವವನು ಹೇಗೆ ಕಾಣುತ್ತಾನೆ ಅನ್ನೋದೂ ಗೊತ್ತು. ಎರಡನೆಯದಕ್ಕೆ ಉತ್ತರ ಸುಲಭ: ಕಾಣೋದಿಲ್ಲ. ಅದಕ್ಕೇ ಈ ಪತ್ರ.

ಸಂಕ್ರಾಂತಿ ಕಳೆದ ಮೂರನೇ ದಿನ. ನನ್ನದು ನೈಟ್ ಹಾಲ್ಟ್ ಬಸ್ಸು. ರಾತ್ರಿ ಹಳ್ಳಿಯಲ್ಲಿ ನಿಲ್ಲಿಸಿ, ಬೆಳಿಗ್ಗೆ ಐದೂಕಾಲಿಗೆ ಹೊರಟು ಸಾಲಗಾಮೆ ರಸ್ತೆಯಲ್ಲಿ ಹಾಸನದ ಕಡೆ ಬರುತ್ತಿದ್ದೆ. ದಾರಿಯಲ್ಲಿ ಮಂಜು ಗಾಜಿಗೆ ಹಾಲು ಚೆಲ್ಲಿದ ಹಾಗಿತ್ತು. ಕೆರೆ ಏರಿ ದಾಟಿದ ಮೇಲೆ ಸ್ವಲ್ಪ ತೆಳುವಾಯಿತು, ನಾನೂ ಐವತ್ತಕ್ಕೆ ತಂದೆ. ಬಸ್ಸಿನಲ್ಲಿ ಹತ್ತು ಹನ್ನೆರಡು ಜನ. ಮುಂದಿನ ಸೀಟಿನಲ್ಲಿ ಹೂವಿನ ಬುಟ್ಟಿಯ ಅಜ್ಜಿ, ಹಿಂದೆ ಸೊಪ್ಪಿನ ಮೂಟೆಗಳು, ಕೆಲಸಕ್ಕೆ ಹೊರಟ ಇಬ್ಬರು ಹೆಣ್ಣುಮಕ್ಕಳು. ಎದುರಿಂದ ಒಂದು ಕಾರು ಬಂತು. ಈಗಿನ ಬಿಳಿ ಲೈಟು ನಿಮಗೆ ಗೊತ್ತಲ್ಲ, ಕಣ್ಣಿಗೆ ಸೂಜಿ ಹಾಕಿದ ಹಾಗೆ. ಎರಡು ಸಲ ಡಿಮ್ ಡಿಪ್ ಕೊಟ್ಟೆ. ಆ ಮಹರಾಯ ಇಳಿಸಲೇ ಇಲ್ಲ. ಅವನು ಪಕ್ಕಕ್ಕೆ ಬಂದು ದಾಟಿದ ಮೇಲೂ ಎರಡು ಸೆಕೆಂಡು ನನಗೆ ರಸ್ತೆ ಇಲ್ಲ, ಅಂಚಿಲ್ಲ, ಬರೀ ಕಪ್ಪು.

ಆ ಕಪ್ಪಿನಲ್ಲಿ ಎರಡು ಬಿಳಿ ಚುಕ್ಕೆ ಕಂಡವು. ಒಂದು ಮೇಲೆ ಹೋಗುತ್ತೆ, ಇನ್ನೊಂದು ಕೆಳಗೆ ಬರುತ್ತೆ. ಮಿಣುಕು ಹುಳ ಅಂದುಕೊಂಡೆ. ಈ ಚಳಿಯಲ್ಲಿ ಎಲ್ಲಿಯ ಮಿಣುಕು ಹುಳ ಅಂತ ತಲೆಗೆ ಹೊಳೆಯುವಷ್ಟರಲ್ಲಿ ಕಾಲು ತಾನೇ ಬ್ರೇಕ್ ಮೇಲೆ ನಿಂತಿತ್ತು. ಅಜ್ಜಿ ಬುಟ್ಟಿ ಸಮೇತ ಮುಂದಕ್ಕೆ ಬಿದ್ದರು. ಕಂಡಕ್ಟರ್ ಕೈಯಿಂದ ಟಿಕೆಟ್ ಮಷೀನ್ ಹಾರಿ ಗೇರ್ ಬಾಕ್ಸ್ ಹತ್ತಿರ ಬಂತು. ಬಸ್ಸು ನಿಂತಾಗ ಬಂಪರ್‌ಗೂ ಆ ಚುಕ್ಕೆಗಳಿಗೂ ನಡುವೆ ಎರಡು ಮಾರು ಇದ್ದರೆ ಜಾಸ್ತಿ.

ಇಳಿದು ನೋಡಿದರೆ ನಮ್ಮ ಮೇಷ್ಟ್ರು! ನನ್ನ ಜೊತೆ ಓಡುವವರೇ. ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, 64 ವರ್ಷ, ಎಂಟು ಕಿಲೋಮೀಟರ್ ಒಂದೇ ಸಮ ಓಡುತ್ತಾರೆ. ಕಪ್ಪು ಪ್ಯಾಂಟು, ಮಗ ಕೊಡಿಸಿದ ಕಪ್ಪು ಜರ್ಕಿನ್ನು, ಕಪ್ಪು ಮಂಕಿ ಕ್ಯಾಪು. ಕ್ಯಾಪಿನ ಒಳಗೆ ಎರಡೂ ಕಿವಿಗೆ ಇಯರ್‌ಫೋನ್. ಎಡಗಡೆ ಅಂಚಿನಲ್ಲಿ, ನನಗೆ ಬೆನ್ನು ಹಾಕಿಕೊಂಡು ಓಡುತ್ತಿದ್ದರು. ನನಗೆ ಕಂಡ ಚುಕ್ಕೆಗಳು ಅವರ ಶೂ ಹಿಮ್ಮಡಿಯಲ್ಲಿ ಕಂಪನಿಯವನು ಅಂಟಿಸಿದ್ದ ಉಗುರಗಲದ ಪಟ್ಟಿ. ಇಷ್ಟಾದರೂ ಅವರಿಗೆ ಏನೂ ಗೊತ್ತಾಗಿರಲಿಲ್ಲ. ಬೆಳಕು ಬಿತ್ತು ಅಂತ ತಿರುಗಿ ನೋಡಿ, ಕಿವಿಯಿಂದ ಒಂದು ಎಳೆ ತೆಗೆದು, "ಏನಪ್ಪಾ, ನೀನಾ? ಬಸ್ ಕೆಟ್ಟೋಯ್ತಾ?" ಅಂದರು.

ನನಗೆ ಮಾತೇ ಹೊರಡಲಿಲ್ಲ. ಅಷ್ಟರಲ್ಲಿ ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಲ್ಲಾ ಸ್ವಾಮಿ, ಬೆಚ್ಚಗೆ ಮಲಗೋದ್ ಬಿಟ್ಟು ಈ ಕತ್ಲಲ್ಲಿ ಯಾಕ್ ಓಡ್ತೀರಾ? ಯಾರಾದ್ರೂ ಅಟ್ಟಿಸ್ಕೊಂಡ್ ಬರ್ತಾವ್ರಾ?" ಅಂತ ಬೈದರು. ಬಸ್ಸಿನಲ್ಲಿ ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ನಾನು ಹತ್ತಿ ಕೂತೆ. ಸ್ಟೇರಿಂಗ್ ಹಿಡಿದ ಕೈ ಹಾಸನ ಬರೋವರೆಗೂ ನಡುಗುತ್ತಿತ್ತು.

ಅಜ್ಜಿ ಕೇಳಿದ್ದಕ್ಕೆ ಕೊನೆಗೆ ಉತ್ತರ ಕೊಡುತ್ತೇನೆ. ಮೊದಲು ಡ್ರೈವರ್ ಸೀಟಿನಿಂದ ಕಾಣೋ ಲೆಕ್ಕ ಹೇಳಿಬಿಡುತ್ತೇನೆ. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ನಮ್ಮ ಬಸ್ಸಿನ ಉದ್ದಕ್ಕಿಂತ ಅದು ಜಾಸ್ತಿ. ಕಣ್ಣಿಗೆ ಕಂಡು, ಇದು ಮನುಷ್ಯ ಅಂತ ತಿಳಿದು, ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲೇ ಒಂದು ಬಸ್ಸಿನಷ್ಟು ದೂರ ಹೋಗಿರುತ್ತೆ. ಬ್ರೇಕ್ ಹಿಡಿಯೋದು ಆಮೇಲೆ. ಡಿಮ್ ಲೈಟಿನಲ್ಲಿ ಕಪ್ಪು ಬಟ್ಟೆಯವರು ಕಾಣೋದೇ ತೀರಾ ಹತ್ತಿರ ಬಂದಾಗ. ಇದರಲ್ಲಿ ಡ್ರೈವರ್ ಚಾಲಾಕಿತನ ಏನೂ ಇಲ್ಲ. ಆವತ್ತು ಮೇಷ್ಟ್ರು ಉಳಿದದ್ದು ನನ್ನಿಂದ ಅಲ್ಲ, ಆ ಶೂ ಪಟ್ಟಿಯಿಂದ.

ಮಾರನೇ ದಿನ ಬಸ್ ಸ್ಟ್ಯಾಂಡ್ ಹತ್ತಿರ ನಂಬರ್ ಪ್ಲೇಟ್ ಬರೆಯುವ ಅಂಗಡಿಗೆ ಹೋದೆ. ಅಲ್ಲಿ ಲಾರಿ, ಟ್ರ್ಯಾಕ್ಟರ್ ಟ್ರೈಲರ್‌ಗೆ ಅಂಟಿಸೋ ರೇಡಿಯಂ ಪಟ್ಟಿ ಸಿಗುತ್ತೆ. ಎರಡು ಮೀಟರ್ ತಂದೆ. ಅಂಟು ಬಟ್ಟೆ ಮೇಲೆ ನಿಲ್ಲಲಿಲ್ಲ. ನಮ್ಮ ಮನೆಯವರು ಹಳೇ ಸೀರೆ ಫಾಲ್ಸ್ ಮೇಲೆ ಅದನ್ನು ಅಂಟಿಸಿ, ಸುತ್ತ ಹೊಲಿಗೆ ಹಾಕಿ, ಕಾಲಿಗೆ ಕಟ್ಟೋ ಹಾಗೆ ಒಂಬತ್ತು ಜೊತೆ ಮಾಡಿಕೊಟ್ಟರು. ಬೆನ್ನಿಗೆ ಯಾಕಲ್ಲ ಅಂತ ನಮ್ಮ ಗುಂಪಿನಲ್ಲಿ ಕೇಳಿದರು. ಬೆನ್ನ ಮೇಲಿನದು ಅಲುಗಾಡೋದು ಕಡಿಮೆ. ದೂರದಿಂದ ನೋಡಿದರೆ ಕಿಲೋಮೀಟರ್ ಕಲ್ಲೋ, ನಿಂತ ಗಾಡಿಯೋ ಅನ್ನಿಸುತ್ತೆ. ಕಾಲಿನ ಪಟ್ಟಿ ಮೇಲೆ ಕೆಳಗೆ ಆಡಿದರೆ ತಕ್ಷಣ ಇದು ಮನುಷ್ಯ ಅಂತ ಗೊತ್ತಾಗುತ್ತೆ. ಮಿಣುಕು ಹುಳದ ಪಾಠ ಅದು.

ಇನ್ನೊಂದು ಮಾತು. ಚಿಕ್ಕಂದಿನಿಂದ ಎಡಗಡೆ ಹೋಗು ಅಂತ ಹೇಳಿಸಿಕೊಂಡು ಬೆಳೆದವರು ನಾವು. ಗಾಡಿಗೆ ಅದು ಸರಿ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯುವವರು, ಓಡುವವರು ಬಲಗಡೆ ಇರಬೇಕು, ಎದುರಿಂದ ಬರೋ ಗಾಡಿಗೆ ಮುಖ ಕೊಟ್ಟುಕೊಂಡು. ಆಗ ಡ್ರೈವರ್ ನೋಡದಿದ್ದರೂ ನೀವು ನೋಡುತ್ತೀರಿ, ಒಂದು ಹೆಜ್ಜೆ ಮಣ್ಣಿಗೆ ಇಳಿಯುತ್ತೀರಿ. ಇದನ್ನು ಒಪ್ಪಿಸೋಕೆ ನನಗೆ ಎರಡು ವಾರ ಹಿಡಿಯಿತು. ಮೇಷ್ಟ್ರಿಗೆ ಈಗಲೂ ಬಲಗಡೆ ಓಡಿದರೆ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತಂತೆ. ಇಯರ್‌ಫೋನ್ ಮಾತ್ರ ಆವತ್ತಿನಿಂದಲೇ ಬಿಟ್ಟರು.

2025ರ ಜೂನ್, ಜುಲೈ ತಿಂಗಳಲ್ಲಿ ನಮ್ಮ ಜಿಲ್ಲೆಯ ಹೆಸರು ದೇಶದ ಟಿವಿಗಳಲ್ಲೆಲ್ಲ ಓಡಾಡಿತು. ನೆನಪಿದೆಯಲ್ಲ? ಹೃದಯಾಘಾತದ ಸುದ್ದಿ. ದಿನಾ ಬೆಳಿಗ್ಗೆ ಎದ್ದರೆ ಇನ್ನೊಂದು ಸಾವು, ಇನ್ನೊಂದು ಫೋಟೋ. ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತರು. ನಮ್ಮ ಓಟದ ಗುಂಪು ಆಗ ಹದಿನಾಲ್ಕು ಜನ ಇತ್ತು. ಹದಿನೈದು ದಿನದಲ್ಲಿ ಆರಕ್ಕೆ ಇಳಿಯಿತು. "ಓಡಿದರೆ ಹಾರ್ಟ್ ನಿಲ್ಲುತ್ತಂತೆ" ಅಂತ ಒಬ್ಬರ ಮನೆಯಲ್ಲಿ ಶೂ ಅಟ್ಟಕ್ಕೆ ಹಾಕಿದರು. 2021ರಲ್ಲಿ ಅಪ್ಪು ಹೋದಾಗ ಜಿಮ್‌ಗಳು ಖಾಲಿಯಾದವಲ್ಲ, ಇದೂ ಹಾಗೆಯೇ. ಆಮೇಲೆ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ನೋಡಿ, ಹಾಸನದಲ್ಲಿ ಇದ್ದಕ್ಕಿದ್ದಂತೆ ಏರಿಕೆ ಆಗಿಲ್ಲ ಅಂತ ವರದಿ ಕೊಟ್ಟಿತು. ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು ಹೀಗೆ ಹಳೇ ಕಾರಣಗಳೇ. ಆ ವರದಿ ಬಂದ ಸುದ್ದಿ ಅರ್ಧ ಜನಕ್ಕೆ ಮುಟ್ಟಲೇ ಇಲ್ಲ.

ಅದೇ ಜುಲೈ ತಿಂಗಳ 14ನೇ ತಾರೀಕು ಪಂಜಾಬಿನ ಜಲಂಧರ್ ಹತ್ತಿರ ಫೌಜಾ ಸಿಂಗ್ ತೀರಿಕೊಂಡರು. 89ನೇ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದವರು. 2011ರಲ್ಲಿ, ನೂರು ವರ್ಷ ಆದಾಗ, ಟೊರಾಂಟೊದಲ್ಲಿ 42 ಕಿಲೋಮೀಟರ್ ಪೂರೈಸಿದವರು. 114ನೇ ವಯಸ್ಸಿನಲ್ಲಿ ಅವರ ಎದೆ ಇನ್ನೂ ಗಟ್ಟಿಯಾಗಿಯೇ ಇತ್ತು. ತಮ್ಮದೇ ಊರಿನ ರಸ್ತೆ ದಾಟುವಾಗ ಕಾರು ಹೊಡೆದು ಹೋದರು. ಇಡೀ ಹಾಸನ ಎದೆ ಹಿಡಿದುಕೊಂಡು ಕೂತಿದ್ದ ವಾರದಲ್ಲೇ ಈ ಸುದ್ದಿ ಒಳಪುಟದಲ್ಲಿ ಬಂತು. ಅದನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

2023ರ ಮಾರ್ಚ್‌ನಲ್ಲಿ ಮುಂಬೈನ ವರ್ಳಿ ಕಡಲ ಪಕ್ಕದ ರಸ್ತೆಯಲ್ಲೂ ಹೀಗೇ ಆಯಿತು. ಬೆಳಿಗ್ಗೆ ಓಡುತ್ತಿದ್ದ ಹೆಣ್ಣುಮಗಳು, ಒಂದು ಕಂಪನಿಯ ಮುಖ್ಯಸ್ಥೆ, ಮ್ಯಾರಥಾನ್ ಓಡಿದವರು, ಕಾರಿಗೆ ಸಿಕ್ಕರು. ದೂರದ್ದು ಯಾಕೆ, 2025ರ ಸೆಪ್ಟೆಂಬರಿನಲ್ಲಿ ನಮ್ಮ ಮೊಸಳೆ ಹೊಸಹಳ್ಳಿಯಲ್ಲಿ ಗಣಪತಿ ಮೆರವಣಿಗೆಗೆ ಲಾರಿ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಓದೋ ಹುಡುಗರು. ಅದು ಓಟದ ವಿಷಯ ಅಲ್ಲ, ಗೊತ್ತು. ಆದರೆ ಹೃದಯದ ಮೇಲೆ ಸಮಿತಿ ಕೂತ ಜಿಲ್ಲೆಯಲ್ಲಿ ರಸ್ತೆಯ ಭಯ ಯಾಕೆ ಒಂದು ವಾರಕ್ಕೇ ಆರಿಹೋಗುತ್ತೆ ಅಂತ ನಾನು ಡ್ರೈವರ್ ಆಗಿಯೇ ಕೇಳುತ್ತಿದ್ದೇನೆ.

ಹಾಗಂತ ಎದೆ ವಿಷಯ ಸಸಾರ ಅಲ್ಲ. ನಮ್ಮದೇ ಡಿಪೋದ ಕಂಡಕ್ಟರ್ ಒಬ್ಬರು, ಐವತ್ತರ ಹತ್ತಿರ, ನಮ್ಮ ಜೊತೆ ಓಡೋಕೆ ಶುರು ಮಾಡಿದ್ದರು. ಏರು ಬಂದಾಗಲೆಲ್ಲ ಎದೆ ಉರಿ, ನಿಂತರೆ ಕಡಿಮೆ. "ಗ್ಯಾಸ್ಟ್ರಿಕ್ ಕಣ್ರೀ" ಅಂತ ದಿನಾ ಒಂದು ಸೋಡಾ ಕುಡಿಯುತ್ತಿದ್ದರು. ನಿಂತರೆ ಕಡಿಮೆ ಆಗೋದು ಎಂಥ ಗ್ಯಾಸ್ಟ್ರಿಕ್ ಅಂತ ಮೇಷ್ಟ್ರೇ ಕಿವಿ ಹಿಂಡಿ ಕರೆದುಕೊಂಡು ಹೋದರು. ಮೊದಲ ಇಸಿಜಿ ಸರಿಯಾಗೇ ಬಂತು. ಇವರು ಸೋಡಾ ಕುಡಿದದ್ದೇ ಸರಿ ಅಂತ ಎದ್ದು ಬರೋಕೆ ಹೊರಟಿದ್ದರು. ಡಾಕ್ಟ್ರು ಕೂರಿಸಿ, ಮಲಗಿದ್ದಾಗ ತೆಗೆದ ಇಸಿಜಿಯಲ್ಲಿ ಎಲ್ಲ ಕಾಣೋಲ್ಲ ಅಂತ ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಅಲ್ಲಿ ಸಿಕ್ಕಿತು. ಸ್ಟೆಂಟ್ ಹಾಕಿದರು. ಈಗ ಅವರು ನಡೆಯುತ್ತಾರೆ, ನಮಗಿಂತ ಮೊದಲು ಬಂದು ನಿಂತಿರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ಮಾಡಿ, ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡೋ ವ್ಯವಸ್ಥೆ ಅಪ್ಪು ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿದೆ. ಹಳ್ಳಿ ಕಡೆಯವರಿಗೆ ಇದು ಗೊತ್ತಿರಲಿ ಅಂತ ಬರೆದೆ. ಸೋಡಾ ಕುಡಿದು ಕಾಯುವ ಅರ್ಧ ಗಂಟೆಯೇ ಮುಖ್ಯವಾದದ್ದು.

ನನ್ನ ಕತೆ ಸಕ್ಕರೆಯದು. 46ನೇ ವಯಸ್ಸಿನಲ್ಲಿ ಡಿಪೋದ ಮೆಡಿಕಲ್ ಚೆಕಪ್‌ನಲ್ಲಿ ಶುಗರ್ ಸಿಕ್ಕಿತು. ಲೈಸೆನ್ಸ್ ಹೋದರೆ ಅನ್ನ ಹೋಯಿತು ಅನ್ನೋ ಭಯಕ್ಕೆ ಓಡೋಕೆ ಶುರು ಮಾಡಿದ್ದು. ಯಾವ ಹುರುಪೂ ಅಲ್ಲ. ಮೊದಲ ತಿಂಗಳು ಡ್ಯೂಟಿ ಶೂನಲ್ಲೇ ಓಡಿದೆ ಅಂದರೆ ನಗಬೇಡಿ. ಎರಡನೇ ವರ್ಷ ಒಂದು ದಿನ ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ ಹೊರಟೆ. ಡೇರಿ ಸರ್ಕಲ್ ಹತ್ತಿರ ಬರೋ ಹೊತ್ತಿಗೆ ಕೈ ಬೆರಳು ನಡುಗೋಕೆ ಶುರು. ತಣ್ಣನೆ ಬೆವರು. ಬೀದಿ ದೀಪ ಒಂದು ಎರಡಾಗಿ ಕಾಣುತ್ತಿತ್ತು. ಮೋರಿ ಕಟ್ಟೆ ಮೇಲೆ ಕೂತುಬಿಟ್ಟೆ. ಆಗ ತಾನೇ ಸ್ಟೌ ಹಚ್ಚುತ್ತಿದ್ದ ಟೀ ಅಂಗಡಿಯವನು ನೋಡಿ ಓಡಿ ಬಂದ. ನಾಲ್ಕು ಚಮಚ ಸಕ್ಕರೆ ಹಾಕಿ ಟೀ ತಂದ. "ಬೇಡಪ್ಪಾ, ನಂಗೆ ಶುಗರ್ ಇದೆ" ಅಂತ ನಾನು! "ನಿಮ್ ಮುಖ ನೋಡಿದ್ರೆ ಇಲ್ಲ ಅನ್ಸುತ್ತೆ ಅಣ್ಣ, ಕುಡೀರಿ" ಅಂತ ಕುಡಿಸಿದ. ಅವನ ತಂದೆಗೂ ಹೀಗೇ ಆಗಿತ್ತಂತೆ. ಕಾಲು ಗಂಟೆಯಲ್ಲಿ ದೀಪ ಒಂದೇ ಆಯಿತು.

ಡಾಕ್ಟ್ರು ಆಮೇಲೆ ಬಿಡಿಸಿ ಹೇಳಿದರು. ಓಟವೇ ಸಕ್ಕರೆ ಇಳಿಸುತ್ತೆ. ನಾನು ತಗೊಳ್ಳೋ ಗ್ಲಿಮೆಪಿರೈಡ್ ಥರದ ಮಾತ್ರೆ, ಇನ್ಸುಲಿನ್ ಕೂಡ ಇಳಿಸುತ್ತೆ. ಎರಡೂ ಸೇರಿ, ಹೊಟ್ಟೆ ಖಾಲಿ ಇದ್ದರೆ ತಳ ಹಿಡಿಯುತ್ತೆ. ಎಲ್ಲ ಮಾತ್ರೆಗೂ ಹೀಗಾಗಲ್ಲ, ಅವರವರ ಡಾಕ್ಟ್ರನ್ನೇ ಕೇಳಬೇಕು. ನನಗೆ ಮಾತ್ರೆ ಹೊತ್ತು ಬದಲಾಯಿಸಿದರು, ಹೊರಡೋ ಮೊದಲು ನೋಡಿಕೊ, ನೂರಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೋಗು ಅಂದರು. ಈಗ ಜೇಬಿನಲ್ಲಿ ಕಾಗದಕ್ಕೆ ಕಟ್ಟಿದ ಮೂರು ಚಮಚ ಸಕ್ಕರೆ ಯಾವಾಗಲೂ ಇರುತ್ತೆ. ಜೊತೆಗೆ ಒಂದು ಚೀಟಿ: ಹೆಸರು, ಮನೆ ಫೋನ್ ನಂಬರು, ರಕ್ತದ ಗುಂಪು, ಶುಗರ್ ಇದೆ ಅಂತ ಒಂದು ಸಾಲು. ರಸ್ತೆಯಲ್ಲಿ ಬಿದ್ದವರನ್ನು ನಾನು ಬಸ್ಸಿನಲ್ಲಿ ಆಸ್ಪತ್ರೆಗೆ ಸಾಗಿಸಿದ್ದೇನೆ. ಫೋನ್ ಇರುತ್ತೆ, ಅದಕ್ಕೆ ಲಾಕ್ ಇರುತ್ತೆ. ಯಾರ ಮಗ ಅಂತ ತಿಳಿಯೋಕೇ ಮಧ್ಯಾಹ್ನ ಆಗುತ್ತೆ. ಚೀಟಿಗೆ ಲಾಕ್ ಇಲ್ಲ.

ಶುಗರ್ ಇರುವವರಿಗೆ ಇನ್ನೊಂದೇ ಮಾತು. ಮನೆಗೆ ಬಂದು ಪಾದ ತಿರುಗಿಸಿ ನೋಡಿಕೊಳ್ಳಿ. ನನ್ನ ಶೂ ಒಳಗೆ ಒಂದು ಜಲ್ಲಿ ಚೂರು ಸೇರಿ ಆರು ಕಿಲೋಮೀಟರ್ ಗಾಯ ಮಾಡಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಕಾಲುಚೀಲ ಕೆಂಪಾಗಿದ್ದು ನೋಡಿ ಮನೆಯವರು ಕೂಗಿದಾಗಲೇ ತಿಳಿದಿದ್ದು.

ಮಂಡಿ ನೋವು, ಹಿಮ್ಮಡಿ ನೋವಿನ ಬಗ್ಗೆ ನಿಮ್ಮ ಪುಟದಲ್ಲೇ ಸಾಕಷ್ಟಿತ್ತು, ಬಿಡಿ. ಅವಸರ ಮಾಡಿ ಒಂದೇ ವಾರದಲ್ಲಿ ಮೂರರಿಂದ ಎಂಟು ಕಿಲೋಮೀಟರ್‌ಗೆ ಹಾರಿದವನು ನಾನು. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಕ್ಲಚ್ ಒತ್ತುವ ಕಾಲೇ ಅದು. ಎರಡು ತಿಂಗಳು ಓಟ ನಿಲ್ಲಿಸಿದೆ, ಅಷ್ಟೇ.

ನಾಯಿ ವಿಷಯ ಬರೆಯದಿದ್ದರೆ ನಮ್ಮ ಗುಂಪಿನವರು ನನ್ನನ್ನು ಬಿಡಲ್ಲ. ನಾಲ್ಕೂವರೆಯಿಂದ ಆರರವರೆಗೆ ರಸ್ತೆ ಅವುಗಳದ್ದು. ಓಡುವವನನ್ನು ಕಂಡರೆ ಅಟ್ಟೋದು ಅವುಗಳ ಜಾತಿಗುಣ. ನಾವು ಕಲಿತದ್ದು ಇಷ್ಟು: ಓಟ ನಿಲ್ಲಿಸು, ಕಣ್ಣಲ್ಲಿ ಕಣ್ಣಿಡಬೇಡ, ಕೈ ಬೀಸಬೇಡ, ಪಕ್ಕಕ್ಕೆ ನಿಂತು ಮೆಲ್ಲಗೆ ದಾಟು. ನಮ್ಮಲ್ಲೊಬ್ಬ ಹುಡುಗನಿಗೆ ಮೀನಖಂಡಕ್ಕೆ ಕಚ್ಚಿತು. ಮನೆಯಲ್ಲಿ ಸುಣ್ಣ, ಮೆಣಸಿನ ಪುಡಿ ಹಚ್ಚೋಕೆ ಹೊರಟಿದ್ದರು. ಹಚ್ಚಬೇಡಿ. ಸೋಪು ಹಾಕಿ, ನಲ್ಲಿ ಬಿಟ್ಟು, ಹದಿನೈದು ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಎಷ್ಟು ಉದ್ದ ಅಂತ ನಲ್ಲಿ ಕೆಳಗೆ ಕಾಲಿಟ್ಟವರಿಗೇ ಗೊತ್ತು. ಅವನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಆ ದಿನ, ಮೂರನೇ ದಿನ, ಏಳನೇ ದಿನ, 28ನೇ ದಿನ ಅಂತ ಇಂಜೆಕ್ಷನ್ ಕೊಟ್ಟರು. ಗಾಯ ಆಳ ಇದ್ದದ್ದರಿಂದ ಗಾಯದ ಸುತ್ತಲೂ ಬೇರೆ ಒಂದು ಮದ್ದು ಚುಚ್ಚಿದರು. ಎರಡು ಚುಚ್ಚಿಸಿಕೊಂಡು ವಾಸಿಯಾಯ್ತು ಅಂತ ಬಿಟ್ಟುಬಿಡಬಾರದು. ರೇಬಿಸ್ ಒಂದು ಸಲ ಶುರುವಾದರೆ ಉಳಿಯೋದು ಇಲ್ಲವೇ ಇಲ್ಲ ಅನ್ನಬಹುದು.

ಈಗ ಅಜ್ಜಿಯ ಪ್ರಶ್ನೆ. ಈ ಕತ್ತಲಲ್ಲಿ ಯಾಕೆ ಓಡ್ತೀರಾ?

ಜನವರಿಯಲ್ಲಿ ಹಾಸನದಲ್ಲಿ ಸೂರ್ಯ ಹುಟ್ಟೋದೇ ಆರೂಮುಕ್ಕಾಲಿಗೆ. ನಮ್ಮ ಗುಂಪಿನಲ್ಲಿ ಒಬ್ಬ ಹಾಲಿನ ಬೂತಿನವನು, ಇಬ್ಬರು ಸೆಕ್ಯೂರಿಟಿ ಕೆಲಸದವರು, ಒಬ್ಬರು ನರ್ಸಮ್ಮ, ನಾನು ಡ್ರೈವರ್. ಮೇಷ್ಟ್ರನ್ನು ಬಿಟ್ಟರೆ ಎಲ್ಲರೂ ಏಳು, ಏಳೂವರೆಗೆ ಕೆಲಸದಲ್ಲಿ ಇರಬೇಕು. ಬೆಳಕಾದ ಮೇಲೆ ಓಡಿ ಅನ್ನೋದು ಸಂಬಳ ಕೊಟ್ಟು ಹೇಳಬೇಕಾದ ಮಾತು. ಕತ್ತಲು ನಮ್ಮ ಆಯ್ಕೆ ಅಲ್ಲ, ನಮಗೆ ಉಳಿದಿರೋ ಹೊತ್ತು.

ಆದರೆ ರಸ್ತೆಯಲ್ಲೇ ಯಾಕೆ? ಇದಕ್ಕೂ ಉತ್ತರ ಇದೆ. ನಮ್ಮ ಬಡಾವಣೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಒಂದು ಕಾಲೇಜಿದೆ. ಹೆಸರು ಬೇಡ. ಅದಕ್ಕೆ ದೊಡ್ಡ ಮೈದಾನ. ಸುತ್ತ ಮಣ್ಣಿನ ದಾರಿ, ಮಂಡಿಗೆ ಹಿತ. ಸುತ್ತ ಕಾಂಪೌಂಡು, ಗಾಡಿ ಇಲ್ಲ, ನಾಯಿ ಕಡಿಮೆ. ಒಂದು ಮೂಲೆಯಲ್ಲಿ ಎತ್ತರದ ದೀಪದ ಕಂಬವೂ ಇದೆ, ರಾತ್ರಿ ಇಡೀ ಉರಿಯುತ್ತೆ. ಆ ಬೆಳಕಿನಲ್ಲಿ ಯಾರೂ ಇಲ್ಲದ ಮೈದಾನ ಬೆಳಗಾಗೋವರೆಗೂ ಖಾಲಿ ಬಿದ್ದಿರುತ್ತೆ. ಗೇಟಿಗೆ ಸರಪಳಿ, ಸರಪಳಿಗೆ ಬೀಗ. ಆರೂವರೆ ಆದ ಮೇಲೆ ತೆಗೆಯುತ್ತಾರೆ. ಅಷ್ಟು ಹೊತ್ತಿಗೆ ನಾನು ಯೂನಿಫಾರ್ಮ್ ಹಾಕಿ ಟೀ ಕುಡಿಯುತ್ತಿರುತ್ತೇನೆ. ಗೇಟಿನ ಹೊರಗೆ ರಸ್ತೆ. ಆ ರಸ್ತೆಯ ದೀಪಗಳಲ್ಲಿ ಮೂರಕ್ಕೆ ಒಂದು ಉರಿಯಲ್ಲ.

ಜಿಲ್ಲಾ ಕ್ರೀಡಾಂಗಣ ಇದೆಯಲ್ಲ ಅಂತ ಕೇಳುತ್ತೀರಿ. ಇದೆ, ಅಲ್ಲಿ ಹತ್ತಿರ ಇರುವವರಿಗೆ ಅನುಕೂಲ. ನಮ್ಮ ಕಡೆಯಿಂದ ಅಲ್ಲಿಗೆ ಬೈಕಿನಲ್ಲಿ ಹೋಗಿ, ಓಡಿ, ವಾಪಸ್ ಬಂದು ಸ್ನಾನ ಮಾಡಿ ಏಳಕ್ಕೆ ಕೆಲಸಕ್ಕೆ ಹಾಜರಾಗೋದು ಆಗದ ಮಾತು. ನರ್ಸಮ್ಮನ ಹತ್ತಿರ ಬೈಕೂ ಇಲ್ಲ.

ಹೋದ ವರ್ಷ ಒಂದು ಮನವಿ ಬರೆದು ಒಂಬತ್ತು ಜನ ಸಹಿ ಹಾಕಿ ಕಾಲೇಜಿಗೆ ಕೊಟ್ಟೆವು. ಬೆಳಿಗ್ಗೆ ಐದರಿಂದ ಆರೂವರೆವರೆಗೆ ಸಣ್ಣ ಗೇಟು ತೆಗೆಯಿರಿ, ಆಧಾರ್ ಜೆರಾಕ್ಸ್ ಕೊಡುತ್ತೇವೆ, ರಿಜಿಸ್ಟರ್‌ನಲ್ಲಿ ಸಹಿ ಹಾಕುತ್ತೇವೆ, ಕಸ ಹಾಕಲ್ಲ. ಆಫೀಸಿನಲ್ಲಿ ಕೂತವರು ಕೆಟ್ಟವ್ರೇನಲ್ಲ, ಕೂರಿಸಿ ನೀರು ಕೊಟ್ಟರು. ಮನವಿ ಎರಡು ಸಲ ಓದಿದರು. ಆಮೇಲೆ ಕೇಳಿದರು: "ಒಳಗೆ ಓಡುವಾಗ ಯಾರಾದ್ರೂ ಬಿದ್ದು ಹೆಚ್ಚು ಕಡಿಮೆ ಆದ್ರೆ ಜವಾಬ್ದಾರಿ ಯಾರು?"

ಮೇಷ್ಟ್ರು ಆವತ್ತು ಸುಮ್ನೆ ಎದ್ದು ಬಂದರು. ನಾನೂ ಬಂದೆ. ಈಗ ಅನ್ನಿಸುತ್ತೆ, ಒಂದು ಮಾತು ಕೇಳಬೇಕಿತ್ತು. ಹೊರಗೆ, ಅದೇ ಗೇಟಿನ ಮುಂದೆ ರಸ್ತೆಯಲ್ಲಿ ನನ್ನ ಬಸ್ಸಿಗೆ ಸಿಕ್ಕಿ ಹೆಚ್ಚು ಕಡಿಮೆ ಆದರೆ ಜವಾಬ್ದಾರಿ ಯಾರು? ಕಾಗದದ ಪ್ರಕಾರ ನಾನು. ಎಫ್‌ಐಆರ್ ನನ್ನ ಹೆಸರಿಗೆ. ಬೀಗಕ್ಕೆ ಯಾರೂ ಎಫ್‌ಐಆರ್ ಹಾಕಲ್ಲ.

ವಾಚ್‌ಮನ್ ಮೇಲೆ ನನಗೆ ಸಿಟ್ಟಿಲ್ಲ. ಅವನು ಗುತ್ತಿಗೆಯವನು, ರಾತ್ರಿ ಪಾಳಿ ಮುಗಿಸಿ ಇನ್ನೊಂದು ಕಡೆ ಕೆಲಸಕ್ಕೆ ಹೋಗುತ್ತಾನೆ. ಒಂದು ದಿನ ನಾವು ಗೇಟಿನ ಹತ್ತಿರ ನಿಂತು ಕಾಲು ಸಡಿಲ ಮಾಡಿಕೊಳ್ಳುತ್ತಿದ್ದಾಗ ಬಂದು, "ನಂಗೇನ್ ಸಾರ್, ಕೀ ನನ್ ಹತ್ರಾನೇ ಇದೆ. ಬಾಯಿ ಮಾತಲ್ಲಿ ಹೇಳಿದ್ರೂ ತೆಗೀತೀನಿ" ಅಂದ. ಸೊಂಟಕ್ಕೆ ಕಟ್ಟಿದ ಗೊಂಚಲಿನಿಂದ ಆ ಕೀ ಬೇರೆ ಮಾಡಿ ತೋರಿಸಿದ. ಹಿತ್ತಾಳೆಯದು, ಉಜ್ಜಿ ಉಜ್ಜಿ ಹೊಳೆಯುತ್ತಿತ್ತು.

ಗುಂಪಿಗೆ ಬರದ ಒಬ್ಬರ ಬಗ್ಗೆಯೂ ಹೇಳಬೇಕು. ನಮ್ಮ ಬೀದಿಯ ಟೀಚರಮ್ಮ. ಅವರಿಗೂ ಬಿಪಿ, ಅವರಿಗೂ ಡಾಕ್ಟ್ರು ಓಡಿ ಅಂದಿದ್ದಾರೆ. ಒಂದು ವಾರ ರಸ್ತೆಗೆ ಬಂದರು. ಬೈಕಿನಲ್ಲಿ ಹೋಗೋ ಹುಡುಗರು ನಿಧಾನ ಮಾಡಿ ಮಾತಾಡಿಸಿ ಹೋಗುತ್ತಿದ್ದರು, ಒಂದು ದಿನ ಹಿಂದೆಯೇ ಬಂದರು. ಆಮೇಲೆ ಅವರು ತಾರಸಿ ಮೇಲೆ ಓಡುತ್ತಾರೆ. ಉದ್ದ ಹದಿನಾಲ್ಕು ಹೆಜ್ಜೆ, ನೀರಿನ ಟ್ಯಾಂಕ್ ಹತ್ತಿರ ತಿರುವು, ಮತ್ತೆ ಹದಿನಾಲ್ಕು ಹೆಜ್ಜೆ. ತಿರುಗಿ ತಿರುಗಿ ಈಗ ಒಂದೇ ಮಂಡಿ ನೋಯುತ್ತಂತೆ. ನಾನು ಬೆಳಿಗ್ಗೆ ಹೊರಡುವಾಗ ಅವರ ಮನೆ ಮೇಲಿಂದ ಚಪ್ಪಲಿ ಸಪ್ಪಳ ಕೇಳುತ್ತೆ. ಮೈದಾನ ತೆಗೆದರೆ ಬರ್ತೀರಾ ಅಂತ ನಮ್ಮ ಮನೆಯವರು ಕೇಳಿದ್ದಕ್ಕೆ, "ಕಾಂಪೌಂಡ್ ಇದ್ದು, ಲೈಟ್ ಇದ್ದು, ನಾಲ್ಕು ಜನ ಇದ್ರೆ ಯಾಕ್ ಬರಲ್ಲ" ಅಂದರಂತೆ.

ಅಡ್ಡಿ ಇಲ್ಲದ ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಸಿವಿಲ್ ಇಂಜಿನಿಯರಿಂಗ್ ಓದುತ್ತಿರೋ ನನ್ನ ಮಗಳು ಇನ್ನೂ ಮುಂದೆ ಹೋಗಿ, ರಸ್ತೆ ಹೇಗಿರಬೇಕು ಅಂತ ಅಳತೆ ಹೇಳೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ಸಂಸ್ಥೆಯ ಲೆಕ್ಕ ತೋರಿಸಿದಳು. ನಡೆಯೋಕೆ ಕನಿಷ್ಠ 1.8 ಮೀಟರ್ ಅಗಲ ಖಾಲಿ ಇರಬೇಕು, ಎತ್ತರ 15 ಸೆಂಟಿಮೀಟರ್ ಮೀರಬಾರದು. ಒಂದು ಗೇಣಿಗಿಂತ ಕಡಿಮೆ. ನಮ್ಮ ಮುಖ್ಯ ರಸ್ತೆಯಲ್ಲಿ ಗೇಣು ಹಾಕಿ ನೋಡಿದೆ, ಎರಡು ಗೇಣು ಬಂತು. ಮೇಲೆ ಹತ್ತಿದರೆ ಟ್ರಾನ್ಸ್‌ಫಾರ್ಮರ್, ಇಳಿದರೆ ಚಪ್ಪಡಿ ಇಲ್ಲದ ಮೋರಿ. ಫುಟ್‌ಪಾತ್ ಸರಿಯಾಗೋಕೆ ಟೆಂಡರ್ ಬೇಕು, ಬಿಲ್ಲು ಬೇಕು, ಇನ್ನೂ ಎಷ್ಟು ವರ್ಷವೋ. ಗೇಟು ತೆಗೆಯೋಕೆ ಒಂದು ಕೀ ಸಾಕು. ಅದಕ್ಕೇ ನಾನು ಫುಟ್‌ಪಾತ್ ಕೇಳುತ್ತಿಲ್ಲ, ಗೇಟು ಕೇಳುತ್ತಿದ್ದೇನೆ.

ಒಂದು ಸಲ ಬೆಂಗಳೂರಿನ ವರ್ಲ್ಡ್ 10ಕೆ ಓಟಕ್ಕೂ ಹೋಗಿದ್ದೆ. 2008ರಿಂದ ನಡೆಯುತ್ತಿರೋ ದೊಡ್ಡ ಓಟ. ರಸ್ತೆಯಲ್ಲಿ ಗಾಡಿ ಇಲ್ಲ, ಅಲ್ಲಲ್ಲಿ ನೀರು, ಆಂಬುಲೆನ್ಸು, ಪೊಲೀಸರು ನಮಗೋಸ್ಕರ ಗಾಡಿ ತಡೆದು ನಿಂತಿದ್ದರು. ಇಪ್ಪತ್ತು ವರ್ಷ ಗಾಡಿ ಓಡಿಸಿದವನಿಗೆ ಅದು ವಿಚಿತ್ರ ಸುಖ. ವರ್ಷಕ್ಕೆ ಒಂದು ದಿನ ಅಷ್ಟೆಲ್ಲ ಮಾಡೋಕೆ ಆಗುತ್ತೆ ಅಂದರೆ, ಜಿಲ್ಲೆಯ ಶಾಲೆ ಕಾಲೇಜುಗಳ ಮೈದಾನದ ಗೇಟುಗಳನ್ನು ದಿನಾ ಒಂದೂವರೆ ಗಂಟೆ ತೆಗೆಯೋಕೆ ಯಾಕಾಗಲ್ಲ? ಜಿಲ್ಲಾಡಳಿತ ಒಂದು ಸುತ್ತೋಲೆ ಕಳಿಸಿದರೆ ಆ ಆಫೀಸಿನವರ ಜವಾಬ್ದಾರಿಯ ಭಯವೂ ಹೋಗುತ್ತೆ. ದೀಪದ ಕರೆಂಟ್ ಬಿಲ್ಲು ಬೇಕಿದ್ದರೆ ನಮ್ಮ ಗುಂಪು ಕಟ್ಟುತ್ತೆ. ಎದೆ ಒತ್ತುವ ಪ್ರಥಮ ಚಿಕಿತ್ಸೆ ನಮ್ಮಲ್ಲಿ ಇಬ್ಬರಿಗೆ ಗೊತ್ತಿದೆ. ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ, ಎರಡು ಇಂಚು ಆಳ, ಒಬ್ಬ ಒತ್ತುತ್ತಿರುವಾಗ ಇನ್ನೊಬ್ಬ 108ಕ್ಕೆ ಫೋನು. ಉಳಿದವರಿಗೂ ಕಲಿಸುತ್ತೇವೆ. ರಸ್ತೆಗಿಂತ ಮೈದಾನದಲ್ಲಿ ಬಿದ್ದವನ ಹತ್ತಿರ ಜನ ಬೇಗ ಬರುತ್ತಾರೆ.

ಪತ್ರ ಉದ್ದವಾಯಿತು, ಕತ್ತರಿಸೋದು ನಿಮಗೆ ಬಿಟ್ಟಿದ್ದು. ಗೇಟಿನ ಭಾಗ ಮಾತ್ರ ಬಿಡಬೇಡಿ. ಹೆಸರು ಹಾಕಬೇಡಿ, ಡಿಪೋದಲ್ಲಿ ಸುಮ್ನೆ ತಲೆನೋವು. ಬರೋ ಸೋಮವಾರ ನನಗೆ ವಾರದ ರಜೆ. ಬೆಳಿಗ್ಗೆ ಐದಕ್ಕೆ ಆ ಗೇಟಿನ ಮುಂದೆ ನಾವು ಒಂಬತ್ತು ಜನ ಇರುತ್ತೇವೆ, ಟೀಚರಮ್ಮ ಬಂದರೆ ಹತ್ತು. ಕಾಲಿಗೆ ರೇಡಿಯಂ ಕಟ್ಟಿರುತ್ತೆ, ದೂರದಿಂದಲೇ ಕಾಣುತ್ತೇವೆ. ವಾಚ್‌ಮನ್ ಹತ್ತಿರ ಕೀ ಇದೆ. ಹೇಳಬೇಕಾದವರು ಬಾಯಿ ಮಾತಲ್ಲಿ ಹೇಳಿದರೂ ಸಾಕಂತೆ.

ಇತಿ,
ನಿಮ್ಮ ಪತ್ರಿಕೆಯ ಹಳೇ ಓದುಗ, ಬಸ್ ಚಾಲಕ
ಹಾಸನ